ಒನಕೆಗೆ ಕಟ್ಟಿದ ಕಪ್ಪೆ

1972ರ ಬರದಲ್ಲಿ ನಮ್ಮ ನಿರ್ಣಾದ ಎರೆಹೊಲಗಳು ಕೈ ತೂರುವಷ್ಟು ಬಿರುಕು ಬಿಟ್ಟಿದ್ದವು. ನಾವು ಹುಡುಗರು ಬಾವಿಯ ತಳದ ಕೆಸರಿನಿಂದ ದೊಡ್ಡದೊಂದು ಗೋಂಕರುಕಪ್ಪೆ ಹಿಡಿದು, ಬೇವಿನ ಸೊಪ್ಪಿನ ಜೊತೆ ಒನಕೆಗೆ ಕಟ್ಟಿ, ಮನೆಮನೆಗೆ ಹೊತ್ತು ಮಳೆ ಬೇಡಿದೆವು. ಪ್ರತಿ ಮನೆಯವರೂ ಅದರ ಮೇಲೆ ಒಂದು ತಂಬಿಗೆ ನೀರು ಸುರಿದರು. ಓಣಿ ಮುಗಿಯುವುದರೊಳಗೆ ಕಪ್ಪೆ ಸತ್ತಿತ್ತು. “ಮಳಿ ಬೇಡಾಕ ಹೋದೋರು ಮಳಿ ಮನಿಯವನ್ನೇ ಕೊಂದು ಬಂದ್ರೇನು?” ಎಂದಳು ಅವ್ವ.

ಆ ಕಪ್ಪೆಗೂ ಒಂದು ಚರಿತ್ರೆಯಿದೆಯೆಂದು ತಿಳಿದದ್ದು ಬಹಳ ತಡವಾಗಿ. ಫ್ರಾನ್ಸಿನ ಡೋಡಾ 1802ರಲ್ಲಿ ಬಂಗಾಳದ ಕಪ್ಪೆಯೊಂದನ್ನು ವರ್ಣಿಸಿ ಹುಲಿಯ ಹೆಸರಿಟ್ಟ. 1863ರಲ್ಲಿ ಬರ್ಲಿನ್ನಿನ ಪೀಟರ್ಸ್ ‘ಹೊಪ್ಲೊಬ್ಯಾಟ್ರಾಕಸ್’ ಎಂಬ ಕುಲದ ಹೆಸರು ಕೊಟ್ಟ. ಆಯುಧ ತೊಟ್ಟ ಕಪ್ಪೆ ಎಂದು ಅರ್ಥ. ಈ ಕುಲದಲ್ಲಿರುವುದು ಬೆರಳೆಣಿಕೆಯ ಪ್ರಭೇದಗಳು. ನಮ್ಮದು ಭಾರತದ ಬಯಲುಗಳದ್ದು. ಜರ್ಡನ್ 1853ರಲ್ಲಿ ಹೆಸರಿಸಿದ ಇನ್ನೊಂದು, ಮಣ್ಣು ತೋಡುವುದರಲ್ಲಿ ನಿಪುಣ. ಅದು ನಮ್ಮಲ್ಲೂ ಶ್ರೀಲಂಕೆಯಲ್ಲೂ ಇದೆ. ಮತ್ತೊಂದು ಚೀನಾ, ಥಾಯ್ಲೆಂಡಿನ ಕಡೆಯದು. ಒಂದಂತೂ ಆಫ್ರಿಕದಲ್ಲಿದೆ! ಅದರ ಪೂರ್ವಜರು ಏಷ್ಯಾದಿಂದ ಹೋದವರೆಂದು 2001ರ ವಂಶವಾಹಿ ಅಧ್ಯಯನವೊಂದು ತೋರಿಸಿತು. ನಮ್ಮ ಬಾವಿಯ ಕಪ್ಪೆಯ ನೆಂಟಸ್ತಿಕೆ ಅಷ್ಟು ದೂರದ್ದು.

ಮನುಷ್ಯ ಅದನ್ನು ಇನ್ನೂ ದೂರ ಒಯ್ದ. ಮಡಗಾಸ್ಕರಿಗೂ ಅಂಡಮಾನಿಗೂ ಸೇರಿಸಿದ. ಅಂಡಮಾನಿನಲ್ಲಿ ಇದರ ಗೊದಮೊಟ್ಟೆಗಳು ಅಲ್ಲಿಯ ಕಪ್ಪೆಗಳ ಮರಿಗಳನ್ನೇ ತಿನ್ನುತ್ತವೆ. ತವರಿನಲ್ಲಿಯಾದರೋ ಅದರ ಕಾಲುಗಳನ್ನು ಕತ್ತರಿಸಿ ಹಡಗು ಹತ್ತಿಸಿದೆವು. 1980ರ ದಶಕದ ಆರಂಭದಲ್ಲಿ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲು ಯುರೋಪು, ಅಮೆರಿಕಗಳಿಗೆ ಹೋಗುತ್ತಿತ್ತು. 1985ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಗದ್ದೆಯ ಹುಳ ತಿನ್ನುವವನನ್ನು ಮಾರಿ ಹುಳದ ಔಷಧಿ ಕೊಳ್ಳುವುದು ಯಾವ ಲೆಕ್ಕ ಎಂಬ ಪ್ರಶ್ನೆಯೂ ಎದ್ದಿತು. 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು.

ಕಾನೂನು ಕಪ್ಪೆಯ ಕಾಲು ಉಳಿಸಬಲ್ಲದು, ಹೊಂಡ ಉಳಿಸಬೇಕಾದವರು ನಾವೇ. ಈ ಜೀವಕ್ಕೆ ಬೇಕಾದದ್ದು ದೊಡ್ಡ ಕೆರೆಯಲ್ಲ. ಮೊದಲ ಮಳೆಗೆ ತುಂಬಿ ಕೆಲವು ವಾರ ನಿಲ್ಲುವ ನೀರು ಸಾಕು. ಆಗ ಗಂಡುಕಪ್ಪೆ ಅರಿಸಿನದ ಬಣ್ಣ ತಾಳಿ, ನೀಲಿ ಗಲ್ಲ ಉಬ್ಬಿಸಿ ಕೂಗುತ್ತದೆ. ನಮ್ಮ ಹೊಲದ ಮೂಲೆಯಲ್ಲಿ ಅಂಥದೊಂದು ತಗ್ಗು ಇತ್ತು. ಅದನ್ನು ಮುಚ್ಚಿ ಎರಡು ಸಾಲು ತೊಗರಿ ಹೆಚ್ಚು ಬಿತ್ತಿದವನು ನಾನೇ. ಮಳೆ ಈಗಲೂ ಬರುತ್ತದೆ. ಆ ಮೂಲೆಯಿಂದ ಮಾತ್ರ ಯಾರೂ ಓಗೊಡುವುದಿಲ್ಲ. ಈ ಬೇಸಿಗೆಯಲ್ಲಿ ಆ ತಗ್ಗನ್ನು ಮತ್ತೆ ತೋಡಿಸಬೇಕೆಂದಿದ್ದೇನೆ. ಒನಕೆಯ ಸಾಲ ಇನ್ನೂ ತೀರಿಲ್ಲ.