ಕಣ್ಣಿನಿಂದ ತಂತಿಗೆ

ಪ್ರಯೋಗಶಾಲೆಯ ಇತಿಹಾಸವೆಂದರೆ ನಮಗೆ ಮೊದಲು ಹೊಳೆಯುವುದು ಉಪಕರಣಗಳ ಇತಿಹಾಸ. ಉಪಕರಣ ತೋರಿಸಿದ ಅಂಕಿ ವಿಜ್ಞಾನಿಯ ಪುಸ್ತಕವನ್ನು ಸೇರಿದ ದಾರಿಗೂ ಒಂದು ಇತಿಹಾಸವುಂಟು. ಬಹುಕಾಲ ಆ ದಾರಿ ಮನುಷ್ಯನ ಕಣ್ಣು, ಕಿವಿ, ಕೈಗಳ ಮೂಲಕವೇ ಹಾದುಹೋಗುತ್ತಿತ್ತು.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯಕ್ಕೆ ನೆವಿಲ್ ಮ್ಯಾಸ್ಕೆಲಿನ್ ಮುಖ್ಯಸ್ಥನಾಗಿದ್ದ ಕಾಲ. ದೂರದರ್ಶಕದಲ್ಲಿ ಕಟ್ಟಿದ ಎಳೆಯನ್ನು ನಕ್ಷತ್ರ ದಾಟುವುದನ್ನು ಕಣ್ಣಿನಿಂದ ನೋಡುತ್ತ, ಗಡಿಯಾರದ ಬಡಿತವನ್ನು ಕಿವಿಯಿಂದ ಎಣಿಸುತ್ತ, ಸೆಕೆಂಡಿನ ಹತ್ತನೆಯ ಭಾಗದವರೆಗೆ ಅಂದಾಜು ಮಾಡಿ ಬರೆಯುವುದು ಅಲ್ಲಿನ ಪದ್ಧತಿ. ಸಹಾಯಕ ಡೇವಿಡ್ ಕಿನ್ನೆಬ್ರೂಕ್ ಬರೆದ ಕಾಲವು ಮುಖ್ಯಸ್ಥನ ಲೆಕ್ಕಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿ ಬರತೊಡಗಿತು. 1796ರಲ್ಲಿ ಅವನ ಕೆಲಸ ಹೋಯಿತು. ಮುಂದೆ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ಈ ವಿಷಯವನ್ನು ಪರೀಕ್ಷಿಸಿ, ನುರಿತ ವೀಕ್ಷಕರ ನಡುವೆಯೂ ಇಂಥ ಅಂತರ ಇರುತ್ತದೆಂದು ತೋರಿಸಿದ. ದೇಹದ ಸಹಜ ಗುಣಕ್ಕಾಗಿ ಕಿನ್ನೆಬ್ರೂಕ್ ದಂಡ ತೆತ್ತಿದ್ದ.

ಅಂಕಿಯನ್ನು ಮನುಷ್ಯನ ಕೈ ಸೋಕದಂತೆ ಸಾಗಿಸುವ ಉಪಾಯ ಸಿದ್ಧವಾದದ್ದು ತಂತಿ ಕಚೇರಿಯಲ್ಲಿ. ಟೆಲಿಪ್ರಿಂಟರ್ ಒಂದೊಂದು ಅಕ್ಷರವನ್ನೂ ವಿದ್ಯುತ್ತಿನ ಕೆಲವು ಮಿಡಿತಗಳಾಗಿ ಒಡೆದು, ಒಂದರ ಹಿಂದೊಂದನ್ನು ಸಾಲಾಗಿ ಕಳುಹಿಸುತ್ತಿತ್ತು. ಅಕ್ಷರಕ್ಕೆ ಮುಂಚೆ 'ಹೊರಟಿತು' ಎನ್ನುವ ಮಿಡಿತ, ಕೊನೆಗೆ 'ಮುಗಿಯಿತು' ಎನ್ನುವ ಮಿಡಿತ. ಇಂಥ ಯಂತ್ರಗಳನ್ನು ಮೋಡೆಮ್ ಮೂಲಕ ಟೆಲಿಫೋನ್ ಜಾಲಕ್ಕೆ ಜೋಡಿಸುವ ಸಲುವಾಗಿ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ 1960ರಲ್ಲಿ ಒಂದು ನಿಯಮಾವಳಿಯನ್ನು ಗೊತ್ತುಮಾಡಿತು. ಆರ್‌ಎಸ್-232 ಎಂಬುದು ಅದರ ಹೆಸರು. ಋಣ ವೋಲ್ಟೇಜ್ ಇದ್ದರೆ 1, ಧನ ವೋಲ್ಟೇಜ್ ಇದ್ದರೆ 0. ತಕ್ಕಡಿಯಾಗಲಿ ಪ್ರಯೋಗಶಾಲೆಯಾಗಲಿ ಅದನ್ನು ರಚಿಸಿದವರ ಮುಂದಿರಲಿಲ್ಲ.

1965ರಲ್ಲಿ ಪಿಡಿಪಿ-8 ಎಂಬ ಚಿಕ್ಕ ಗಣಕಯಂತ್ರ ಬಂದಮೇಲೆ ಪ್ರಯೋಗಶಾಲೆಗಳು ತಮ್ಮದೇ ಗಣಕವನ್ನು ಇಟ್ಟುಕೊಳ್ಳುವುದು ಸಾಧ್ಯವಾಯಿತು. ಅದರ ಜೊತೆಗಾರ ಸೆಕೆಂಡಿಗೆ 10 ಅಕ್ಷರ ಬಡಿಯುವ ಟೆಲಿಪ್ರಿಂಟರು. ಮುಂದೆ ಈ ಮಿಡಿತಗಳನ್ನು ಕಟ್ಟುವ, ಬಿಚ್ಚುವ ಕೆಲಸವೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿತು. ಎಲೆಕ್ಟ್ರಾನಿಕ್ ತಕ್ಕಡಿ, ಆಮ್ಲಮಾಪಕ, ವರ್ಣಮಾಪಕಗಳ ಬೆನ್ನಿಗೆಲ್ಲ ಅದೇ ಕಿಂಡಿ ಬಂತು.

ತೊಡಕುಗಳೂ ಜೊತೆಗೆ ಬಂದವು. ಒಂದು ತುದಿ ಟೆಲಿಪ್ರಿಂಟರು, ಇನ್ನೊಂದು ತುದಿ ಮೋಡೆಮ್ ಎಂದು ಎಣಿಸಿದ್ದ ನಿಯಮವಿದು. ತಕ್ಕಡಿಯೂ ಗಣಕವೂ ತಾವೇ ಟೆಲಿಪ್ರಿಂಟರ್ ಎಂದುಕೊಂಡರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುವರು, ಕೇಳುವವರಿಲ್ಲ. ಆಗ ತಂತಿಗಳನ್ನು ಅದಲುಬದಲು ಮಾಡಬೇಕು. ಎರಡರ ವೇಗ ಹೊಂದದಿದ್ದರೆ ತೂಕಕ್ಕೆ ಬದಲು ಅರ್ಥವಿಲ್ಲದ ಅಕ್ಷರಗಳು ಪರದೆಯ ಮೇಲೆ ಬೀಳುತ್ತವೆ.

1996ರಲ್ಲಿ ಯುಎಸ್‌ಬಿ ಬಂದರೂ ಹಳೆಯ ಕ್ರಮ ಅಳಿಯಲಿಲ್ಲ. ಇಂದಿಗೂ ಅನೇಕ ತಕ್ಕಡಿಗಳು ಪ್ರತಿ ತೂಕದ ಕೊನೆಗೆ ಎರಡು ಗುಪ್ತ ಚಿಹ್ನೆಗಳನ್ನು ಕಳುಹಿಸುತ್ತವೆ. ಒಂದರ ಅರ್ಥ 'ಗಾಡಿಯನ್ನು ಸಾಲಿನ ಮೊದಲಿಗೆ ತಾ', ಇನ್ನೊಂದರದು 'ಕಾಗದವನ್ನು ಒಂದು ಸಾಲು ಸರಿಸು'. ಗಾಡಿಯೂ ಇಲ್ಲ, ಕಾಗದವೂ ಇಲ್ಲ. ಆಜ್ಞೆ ಮಾತ್ರ ಉಳಿದಿದೆ.

ನಕಲಿನ ತಪ್ಪು ಈ ತಂತಿಯಿಂದ ತಪ್ಪಿತು. ಅದು ಸಣ್ಣ ಉಪಕಾರವಲ್ಲ. ಮಿಡಿತಗಳ ಜೊತೆಗೆ ಒಂದು ಪರೀಕ್ಷಾ ಮಿಡಿತವನ್ನು ಸೇರಿಸಿ, ದಾರಿಯಲ್ಲಿ ಕೆಟ್ಟ ಅಕ್ಷರವನ್ನು ಎಷ್ಟೋ ವೇಳೆ ಹಿಡಿಯಲೂಬಹುದು. ಆದರೆ ಆ ಸಾಕ್ಷ್ಯ ತಂತಿಗೆ ಸಂಬಂಧಿಸಿದ್ದು. ತಕ್ಕಡಿಯೇ ತಪ್ಪು ತೂಗಿದ್ದರೆ ತಂತಿ ಆ ತಪ್ಪನ್ನು ಚಾಚೂ ತಪ್ಪದೆ ತಲುಪಿಸುತ್ತದೆ. ಗ್ರೀನಿಚ್ಚಿನಲ್ಲಿ ಅಂತರ ಗೋಚರವಾದದ್ದು ಅದೇ ಆಕಾಶವನ್ನು ಇಬ್ಬರು ನೋಡುತ್ತಿದ್ದುದರಿಂದ. ಆ ಎರಡನೆಯ ನೋಟವನ್ನು ಯಾವ ತಂತಿಯೂ ಒದಗಿಸಿಕೊಡದು. ಗೊತ್ತಾದ ತೂಕದ ಬಟ್ಟನ್ನು ಆಗಾಗ ತಕ್ಕಡಿಯ ಮೇಲಿಟ್ಟು ನೋಡುವ ಕೆಲಸ ಇಂದಿಗೂ ಮನುಷ್ಯನ ಪಾಲಿನದೇ.