ಕಾಯುವ ಕಾಲದ ಬೆಲೆ: ಸರಗೂರು ಸೀಮೆಯಲ್ಲಿ ಸರ್ಕಾರಿ ಮತ್ತು ಖಾಸಗಿ ನೌಕರಿಯ ಲೆಕ್ಕ

2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಸರಗೂರೂ ಒಂದು. ಅದುವರೆಗೆ ಹೆಗ್ಗಡದೇವನಕೋಟೆಗೆ ಸೇರಿದ್ದ ಕಪಿಲಾ ದಂಡೆಯ ಈ ಊರಿಗೆ ತಾಲ್ಲೂಕು ಕಚೇರಿ ಬಂತು. ದೊಡ್ಡ ಕಾರ್ಖಾನೆ ಬರಲಿಲ್ಲ. ಖಾಸಗಿ ನೌಕರಿ ಎಂದರೆ ಇಲ್ಲಿನವರಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶ, ಮೈಸೂರಿನ ಹೂಟಗಳ್ಳಿ, ಇಲ್ಲವೇ ಬೆಂಗಳೂರು. ಊರಲ್ಲೇ ಸಿಗುವ ಸಂಘಟಿತ ಸರ್ಕಾರೇತರ ಕೆಲಸವೆಂದರೆ ಮೊದಲು ನೆನಪಾಗುವುದು ವಿವೇಕಾನಂದ ಸ್ಮಾರಕ ಆಸ್ಪತ್ರೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಈ ಆಸ್ಪತ್ರೆ ಲಾಭಕ್ಕೆಂದು ಇರುವುದಲ್ಲ. ಹೀಗಿರುವಾಗ ಎರಡು ಸಂಬಳಗಳನ್ನು ಪಕ್ಕಪಕ್ಕ ಇಟ್ಟು ತೂಗುವ ಮೊದಲು, ಒಂದೊಂದೂ ಯಾವ ಊರಲ್ಲಿ ಖರ್ಚಾಗುತ್ತದೆ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ.

ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಶೇ. 31 ತುಟ್ಟಿಭತ್ಯೆ ಮೂಲವೇತನದಲ್ಲಿ ವಿಲೀನವಾದದ್ದೂ ಇದರಲ್ಲಿ ಸೇರಿದೆ. ಹಾಗಾಗಿ ಕೈಗೆ ಬಂದ ನಿಜವಾದ ಏರಿಕೆ ಅಂಕಿ ತೋರಿಸುವಷ್ಟಿಲ್ಲ. ದ್ವಿತೀಯ ದರ್ಜೆ ಸಹಾಯಕ ಮತ್ತು ಗ್ರಾಮ ಆಡಳಿತಾಧಿಕಾರಿಗಳ ಆರಂಭದ ಮೂಲವೇತನ 34,100 ಆಯಿತು, ಪ್ರಾಥಮಿಕ ಶಾಲಾ ಶಿಕ್ಷಕರದ್ದು 41,300. ಮನೆ ಬಾಡಿಗೆ ಭತ್ಯೆ ಸಣ್ಣ ಊರುಗಳಲ್ಲಿ ಕೇವಲ ಶೇ. 7.5. ಆದರೆ ಸ್ವಂತ ಮನೆಯಿಂದ ಕೆಲಸಕ್ಕೆ ಹೋಗುವವರಿಗೆ ಅದೂ ಉಳಿಕೆಯೇ.

ಒಂದು ಊಹೆಯ ಲೆಕ್ಕ ಹಾಕೋಣ. ಮೈಸೂರಲ್ಲಿ 18,000 ರೂಪಾಯಿ ಸಿಗುವ ಖಾಸಗಿ ಕೆಲಸ ಬಿಟ್ಟು ಯುವಕನೊಬ್ಬ ಐದು ವರ್ಷ ಪರೀಕ್ಷೆಗೆ ಓದಿದರೆ ಕಳೆದುಕೊಳ್ಳುವುದು 10.8 ಲಕ್ಷ. ಗೆದ್ದು 34,100ರ ಹುದ್ದೆ ಹಿಡಿದರೆ ತಿಂಗಳಿಗೆ 16,100 ಹೆಚ್ಚು. 28 ವರ್ಷದ ಸೇವೆಗೆ ಸುಮಾರು 54 ಲಕ್ಷ. ಬಡ್ತಿ, ಪಿಂಚಣಿ, ಬೆಲೆಯೇರಿಕೆ ಯಾವುದನ್ನೂ ಸೇರಿಸದಿದ್ದರೆ, ಐವರಲ್ಲಿ ಒಬ್ಬರಿಗಾದರೂ ಕೆಲಸ ಸಿಗುವಂತಿದ್ದರೆ ಮಾತ್ರ ಈ ಕಾಯುವಿಕೆ ಗಿಟ್ಟುತ್ತದೆ. ಇದು ಮೈಸೂರಿನಲ್ಲೇ ಸ್ವಂತ ಮನೆಯಿರುವವನ ಲೆಕ್ಕ. ಸರಗೂರಿನವನಿಗೆ ಅದೇ 18,000ದಲ್ಲಿ ರೂಮಿನ ಬಾಡಿಗೆ, ಊಟ, ವಾರದ ಬಸ್ಸು ಕಳೆದು 8,000 ಉಳಿಯಿತೆನ್ನಿ. ಆತ ಕಾದು ಕಳೆದುಕೊಳ್ಳುವುದು 4.8 ಲಕ್ಷವಷ್ಟೇ. ಊರ ಹತ್ತಿರವೇ ನೇಮಕವಾದರೆ ಗಳಿಸುವ ವ್ಯತ್ಯಾಸ 87 ಲಕ್ಷ ಮೀರುತ್ತದೆ. ಹದಿನೆಂಟರಲ್ಲಿ ಒಬ್ಬರಿಗೆ ಸಿಕ್ಕರೂ ಸಾಕು. ಹಳ್ಳಿಯ ಹುಡುಗರು ‘ಗೌರ್ಮೆಂಟ್ ಕೆಲ್ಸ’ಕ್ಕೆ ಜೋತುಬಿದ್ದಿದ್ದಾರೆ ಎಂದು ಪೇಟೆಯವರು ಆಡಿಕೊಳ್ಳುವುದುಂಟು, ಆ ಹಟದ ಹಿಂದೆ ಇಂಥದೊಂದು ಗಣಿತ ಇದೆ. (ಹೆಣ್ಣು ಕೊಡುವವರ ಗಣಿತ ಬೇರೆ, ಅದಕ್ಕೆ ವೇತನ ಆಯೋಗ ಬೇಕಿಲ್ಲ.)

ಆದರೂ ಹದಿನೆಂಟಕ್ಕೊಂದು ಎಂಬುದು ಸುಲಭದ ಮಾತಲ್ಲ. 2024ರಲ್ಲಿ ಪಿಯುಸಿ ಅರ್ಹತೆಯ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಬಂದ ಅರ್ಜಿಗಳು ಲಕ್ಷಗಟ್ಟಲೆ. ಒಂದೇ ಲಕ್ಷ ಎಂದುಕೊಂಡರೂ ಅವಕಾಶ ನೂರಕ್ಕೊಂದು. ಹಲವು ಪರೀಕ್ಷೆ ಬರೆದು ಇದನ್ನು ಸರಿದೂಗಿಸಬಹುದೇನೋ, ಪರೀಕ್ಷೆಗಳು ಹೊತ್ತಿಗೆ ಸರಿಯಾಗಿ ನಡೆದರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯನ್ನು ಊರ್ಜಿತಗೊಳಿಸಲು 2022ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಮೇಲಿನ ಲೆಕ್ಕದಲ್ಲಿ ಐದು ವರ್ಷ ಎಂದದ್ದು ಹತ್ತಾದರೆ ನಷ್ಟ ಇಮ್ಮಡಿಯಾಗುತ್ತದೆ, ಸೇವೆಯ ವರ್ಷಗಳೂ ಸವೆಯುತ್ತವೆ.

ಪಿಂಚಣಿಯ ಕಡೆಗೆ ಬಂದರೆ, 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಒಳಪಟ್ಟರು. ಹಳೆಯ ನಿಶ್ಚಿತ ಪಿಂಚಣಿ ಹೋಯಿತು, ನೌಕರರ ಶೇ. 10ರ ವಂತಿಗೆಗೆ ಸರ್ಕಾರ ಶೇ. 14 ಸೇರಿಸುತ್ತದೆ. ಖಾಸಗಿಯಲ್ಲಿ ನೌಕರರ ಪಿಂಚಣಿ ಯೋಜನೆಗೆ 15,000 ರೂಪಾಯಿ ವೇತನ ಮಿತಿಯಲ್ಲೇ ವಂತಿಗೆ ಕಟ್ಟುತ್ತ 30 ವರ್ಷ ದುಡಿದವರಿಗೆ, ಎರಡು ವರ್ಷದ ಹೆಚ್ಚುವರಿ ಸೇವೆ ಸೇರಿಸಿ, ಈಗಿನ ಸೂತ್ರದಂತೆ ತಿಂಗಳಿಗೆ ಬರುವುದು ಸುಮಾರು 6,857. ಅಂತರ ಮೊದಲಿನಷ್ಟಿಲ್ಲ, ಹೋಗಿಯೂ ಇಲ್ಲ.

ಇಷ್ಟಾಗಿಯೂ ಸರ್ಕಾರಿ, ಖಾಸಗಿ ಎಂಬ ನಮ್ಮ ಎರಡು ಕಾಲಂಗಳಲ್ಲಿ ಯಾವುದಕ್ಕೂ ಸೇರದವರು ತಾಲ್ಲೂಕಿನ ಶಾಲೆಗಳಲ್ಲೇ ಇದ್ದಾರೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನವನ್ನು 2025–26ರ ಬಜೆಟ್ 10,000ದಿಂದ 12,000ಕ್ಕೆ ಏರಿಸಿತು. ಪಕ್ಕದ ಕೋಣೆಯ ಖಾಯಂ ಶಿಕ್ಷಕರ ಆರಂಭದ ಮೂಲವೇತನದ ಮೂರನೇ ಒಂದು ಪಾಲೂ ಅದಲ್ಲ. ಮೈಸೂರಿನ ಖಾಸಗಿ ಕೆಲಸದಲ್ಲಿ ಖರ್ಚು ಕಳೆದು ಉಳಿಯುವ 8,000ಕ್ಕಿಂತ ಮಾತ್ರ ಹೆಚ್ಚು. ಅಂದರೆ ಅತಿಥಿ ಶಿಕ್ಷಕನಾಗಿ ಊರಲ್ಲಿದ್ದು ಓದುವವನಿಗೆ, ಶಾಲೆ ನಡೆಯುವ ತಿಂಗಳುಗಳ ಮಟ್ಟಿಗೆ, ಕಾಯುವುದರ ನಷ್ಟವೇ ಇಲ್ಲ. ಹುದ್ದೆ ತುಂಬದೆ ಬಿಟ್ಟ ಸರ್ಕಾರ ಆ ಹುದ್ದೆಗೆ ಕಾಯುತ್ತಿರುವವರನ್ನೇ ಅಗ್ಗಕ್ಕೆ ದುಡಿಸಿಕೊಳ್ಳುತ್ತದೆ. ಸಾಲು ಉದ್ದವಾದಷ್ಟೂ ಆ ದುಡಿಮೆಗೆ ಜನ ಸಿಗುತ್ತಲೇ ಇರುತ್ತಾರೆ.