ಕರ್ನಲ್ ಜಾನ್ಸನ್ ಮಾಡಿದ ತಪ್ಪೇನು?

ನಮ್ಮ ಸಾಫ್ಟ್‌ವೇರ್ ಜನಕ್ಕೆ ಒಂದು ಚಟ ಇದೆ. ಏನಾದರೂ ಕೆಟ್ಟು ನಿಂತರೆ ಮೊದಲು ಹುಡುಕೋದು, ಆ ಸಾಲು ಬರೆದವರು ಯಾರು ಅಂತ. ಹೆಸರು ಸಿಕ್ಕರೆ ಅರ್ಧ ಸಮಾಧಾನ. ಆ ಮನುಷ್ಯ ಕೆಲಸ ಬಿಟ್ಟು ಹೋಗಿದ್ದರೆ ಪೂರ್ತಿ ಸಮಾಧಾನ. ಕಳೆದ ವರ್ಷ ಒಂದು ರಾತ್ರಿ ನಮ್ಮ ಸರ್ವರ್ ನಾಲ್ಕು ಗಂಟೆ ಮಲಗಿಬಿಟ್ಟಿತು. ಯಾಕೆ ಅಂತ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಬರೆದಿದ್ದ ಸಾಲು ಸಿಕ್ಕಿತು. ಅವಳು ಈಗ ನಮ್ಮ ಜೊತೆ ಇಲ್ಲ. ಹೆಸರು ಟೈಪ್ ಮಾಡಿ, ಕಾಫಿ ಹಿಡಿದು ಬೇರೇನೋ ಓದುತ್ತಾ ಕೂತಾಗ ಸಿಕ್ಕಿದ್ದು ಈ ಹುಲ್ಲಿನ ಕಥೆ.

1960ರ ದಶಕದ ಆರಂಭ. ಅಮೆರಿಕದ ಒಹಾಯೊ ರಾಜ್ಯದ ದಕ್ಷಿಣದಲ್ಲಿ, ನದಿ ಪಕ್ಕದ ಹೊಲಗಳಲ್ಲಿ ಮೆಕ್ಕೆಜೋಳ ಏಳಲೇ ಇಲ್ಲ. ಆಳೆತ್ತರ ಬೆಳೆಯಬೇಕಾದ ಗಿಡ ಕುಳ್ಳಗೆ ನಿಂತಿತು. ಎಳೆ ಎಲೆಯ ಮೇಲೆ ತಿಳಿ ಹಸಿರು, ದಟ್ಟ ಹಸಿರಿನ ಚುಕ್ಕಿ, ಗೆರೆ. ತೆನೆಯಲ್ಲಿ ಕಾಳು ಸರಿಯಾಗಿ ಕಟ್ಟಲಿಲ್ಲ. ಮೊದಲು ಇದನ್ನು ಬೇರೊಂದು ಹಳೆಯ ರೋಗ ಅಂದುಕೊಂಡರು. 1965ರಲ್ಲಿ ವಿಲಿಯಮ್ಸ್ ಮತ್ತು ಅಲೆಕ್ಸಾಂಡರ್ ಎಂಬ ವಿಜ್ಞಾನಿಗಳು ಇದು ಹೊಸ ರೋಗ ಎಂದು ವಿವರಿಸಿದರು. ಹೆಸರು ಮೇಜ್ ಡ್ವಾರ್ಫ್ ಮೊಸಾಯಿಕ್. ಕಾರಣ ಒಂದು ವೈರಸ್. ಅದನ್ನು ಹೊತ್ತು ತಿರುಗುವುದು ಗಿಡಹೇನು.

ಈ ಹೇನಿನ ಕೆಲಸ ಸ್ವಾರಸ್ಯವಾಗಿದೆ. ಎಲೆ ಮೇಲೆ ಕೂತ ತಕ್ಷಣ ಅದು ಕೂದಲೆಳೆಯಂಥ ಬಾಯಿ ಚುಚ್ಚಿ ರುಚಿ ನೋಡುತ್ತದೆ. ಹಿಡಿಸದಿದ್ದರೆ ಮುಂದಿನ ಗಿಡ. ಕೆಲವೇ ಸೆಕೆಂಡಿನ ಆ ಚುಚ್ಚಿನಲ್ಲಿ ವೈರಸ್ ಬಾಯಿಗೆ ಅಂಟುತ್ತದೆ, ಮುಂದಿನ ಚುಚ್ಚಿನಲ್ಲಿ ಇನ್ನೊಂದು ಗಿಡಕ್ಕೆ ಇಳಿಯುತ್ತದೆ. ಹಾಗಾಗಿ ಔಷಧಿ ಹೊಡೆದೂ ಹೆಚ್ಚು ಪ್ರಯೋಜನ ಇಲ್ಲ. ಹೇನು ಸಾಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಆದರೆ ಚಳಿಗಾಲದಲ್ಲಿ ಒಹಾಯೊದಲ್ಲಿ ಹಿಮ ಬೀಳುತ್ತೆ, ಜೋಳದ ಗಿಡ ಇರಲ್ಲ. ಹಾಗಾದರೆ ವೈರಸ್ ಎಲ್ಲಿರುತ್ತೆ? ಉತ್ತರ ಹೊಲದ ಬದುವಿನಲ್ಲೇ ಇತ್ತು. ಜಾನ್ಸನ್ ಹುಲ್ಲು. ಇದು ನಮ್ಮ ಬಿಳಿ ಜೋಳದ ಹತ್ತಿರದ ನೆಂಟ. ಮೇಲಿನ ಭಾಗ ಒಣಗಿದರೂ ನೆಲದೊಳಗಿನ ಗೆಣ್ಣುಗೆಣ್ಣಿನ ಕಾಂಡ ಬದುಕಿರುತ್ತದೆ, ಅದರೊಳಗೆ ವೈರಸ್ಸೂ ಬದುಕಿರುತ್ತದೆ. ವಸಂತದಲ್ಲಿ ಚಿಗುರಿದಾಗ ಹೇನು ಬಂದು ಮೊದಲ ಚುಚ್ಚು ಚುಚ್ಚುತ್ತದೆ.

ಸಿಕ್ಕಿತಲ್ಲ ಹೆಸರು! ಯಾರಪ್ಪಾ ಈ ಜಾನ್ಸನ್ ಅಂತ ನಾನೂ ಹುಡುಕಿದೆ. ಕರ್ನಲ್ ವಿಲಿಯಂ ಜಾನ್ಸನ್. ಸುಮಾರು 1840ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಹತ್ತಿರ, ನದಿ ಬಯಲಿನ ತನ್ನ ಜಮೀನಿನಲ್ಲಿ ಮೇವಿಗೆಂದು ಈ ಹುಲ್ಲು ಬಿತ್ತಿದವನು. ಬೀಜ ಬಂದಿದ್ದು ಸೌತ್ ಕ್ಯಾರೊಲಿನಾದಿಂದ. ಅಲ್ಲಿ ಅದಕ್ಕೆ ಆಗಲೇ ಇನ್ನೊಬ್ಬರ ಹೆಸರಿತ್ತು: ಮೀನ್ಸ್ ಹುಲ್ಲು. ಅಲ್ಲಿಗೆ ಅದು ಟರ್ಕಿಯಿಂದ ಬಂತು ಅಂತ ಕಥೆ. ಅಂದರೆ ಜಾನ್ಸನ್ ಮೊದಲಿಗನೇ ಅಲ್ಲ. ಹುಲುಸಾಗಿ ಬೆಳೆಯುವ ಮೇವು ಅಂತ ಊರೂರಿನ ರೈತರು ಬೀಜ ಹಂಚಿಕೊಂಡರು. ಹೆಸರು ಮಾತ್ರ ಅವನಿಗೆ ಅಂಟಿತು.

ಆಮೇಲೆ ಗೊತ್ತಾಯಿತು, ಇದನ್ನು ಕೀಳೋಕೆ ಆಗಲ್ಲ ಅಂತ. ನೇಗಿಲು ಹೊಡೆದರೆ ಕಾಂಡ ತುಂಡಾಗಿ, ಒಂದೊಂದು ತುಂಡೂ ಹೊಸ ಗಿಡವಾಗುತ್ತದೆ. 1900ರಲ್ಲಿ ಅಮೆರಿಕ ಸರ್ಕಾರ ಈ ಹುಲ್ಲಿನ ಅಧ್ಯಯನಕ್ಕೇ ದುಡ್ಡು ತೆಗೆದಿಟ್ಟಿತು. ಟೆಕ್ಸಸ್ ರಾಜ್ಯ 1901ರಲ್ಲಿ ಒಂದು ಕಾನೂನು ತಂದಿತು: ರೈಲು ಹಳಿ ಪಕ್ಕದ ಜಾಗದಲ್ಲಿ ಈ ಹುಲ್ಲು ಬೀಜ ಕಟ್ಟಲು ಬಿಟ್ಟರೆ ರೈಲ್ವೆ ಕಂಪನಿ ಪಕ್ಕದ ಜಮೀನಿನವನಿಗೆ 25 ಡಾಲರ್ ದಂಡ ಕೊಡಬೇಕು. ಎಲ್ಲರ ಜಮೀನಿನಲ್ಲೂ ಬೆಳೆಯುವ ಹುಲ್ಲಿಗೆ ನಮಗೊಬ್ಬರಿಗೇ ಯಾಕೆ ದಂಡ ಅಂತ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1904ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪಿನಲ್ಲಿ ಕಂಪನಿ ಸೋತಿತು. ದಂಡ ಕಟ್ಟೋಕೆ ಒಬ್ಬ ಸಿಕ್ಕಿದ. ಹುಲ್ಲು ಎಲ್ಲೂ ಹೋಗಲಿಲ್ಲ.

ಕಥೆ ಮುಗಿಯಿತು ಅಂದುಕೊಂಡರೆ 1970ರ ದಶಕದ ಆರಂಭದಲ್ಲಿ ಇನ್ನೊಂದು ತಿರುವು. ಅದೇ ಒಹಾಯೊದಲ್ಲಿ ಎರಡನೆಯ ವೈರಸ್ ಪತ್ತೆಯಾಯಿತು. ಇದನ್ನು ಒಯ್ಯುವುದು ಹೇನಲ್ಲ, ಜಿಗಿಹುಳು. ಚಳಿಗಾಲದ ಮನೆ ಮಾತ್ರ ಅದೇ ಜಾನ್ಸನ್ ಹುಲ್ಲು. ಗಿಡ ಕುಳ್ಳಾಗಲು ಮೊದಲ ವೈರಸ್ಸೇ ಕಾರಣ ಎಂದುಕೊಂಡಿದ್ದ ಕಡೆ ಇದರ ಕೈವಾಡವೂ ಇತ್ತು. ಅಷ್ಟು ದಿನ ಇಬ್ಬರ ತಪ್ಪನ್ನು ಹೇನೊಂದೇ ಹೊತ್ತಿತ್ತು!

ಹಾಗಂತ ಯಾರೂ ಕೈಕಟ್ಟಿ ಕೂರಲಿಲ್ಲ. ರೋಗ ತಡೆಯುವ ತಳಿಗಳನ್ನು ಹುಡುಕಿ ಹೈಬ್ರಿಡ್‌ಗಳಿಗೆ ಸೇರಿಸಿದರು. ಬದುವಿನ ಹುಲ್ಲಿನ ಮೇಲೆ ಕಣ್ಣಿಟ್ಟರು. ಸ್ವೀಟ್ ಕಾರ್ನ್ ಬೆಳೆಯುವವರು ಹೇನು ಹೆಚ್ಚುವ ಮೊದಲೇ ಬಿತ್ತಲು ನೋಡಿದರು. ಇದ್ಯಾವುದಕ್ಕೂ ಕರ್ನಲ್ ಜಾನ್ಸನ್ ಹೆಸರು ಬೇಕಾಗಲಿಲ್ಲ. ಅವನು ಮಾಡಿದ್ದಾದರೂ ಏನು? ಆಗ ಎಲ್ಲರೂ ಒಳ್ಳೆಯದು ಅಂದಿದ್ದನ್ನು ತನ್ನ ಹೊಲದಲ್ಲಿ ಬಿತ್ತಿದ. ವೈರಸ್ ಅನ್ನುವ ಮಾತು ಈಗಿನ ಅರ್ಥದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ.

ಕಾಫಿ ಆರಿ ಹೋಗಿತ್ತು. ವರದಿಗೆ ವಾಪಸ್ ಬಂದು ಆ ಹುಡುಗಿಯ ಹೆಸರು ಅಳಿಸಿದೆ. ಆ ಸಾಲು ಬರೆದ ದಿನ ನಮಗೆ ಇದ್ದಿದ್ದು ಒಂದೇ ಸರ್ವರ್, ಅವತ್ತಿಗೆ ಅದು ಸರಿಯಾಗೇ ಇತ್ತು ಅಂತ ಬರೆದೆ. ಸರ್ವರ್ ಆರಾದಾಗ ಯಾರೂ ಅದನ್ನು ಮತ್ತೆ ತೆರೆದು ನೋಡಲಿಲ್ಲ ಅಂತಲೂ ಬರೆದೆ. ಆಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಕೊನೆಯ ಸಾಲು ಸೇರಿಸಿದೆ: ಅವತ್ತು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವನು ನಾನು.